ರೊಟ್ಟಿ ಬಡಿಯುವ ಸದ್ದು

ನೂಲ ಗಡಹಿಂಗ್ಲಜ ತಾಲೂಕಿನ ಊರು. ರಾಜ್ಯ ಮಹಾರಾಷ್ಟ್ರ, ಒಲೆ ಮುಂದಿನ ಮಾತು ಕನ್ನಡ. ಬೆಳಗಾದರೆ ಓಣಿಯಲ್ಲಿ ಪಟಪಟ ಸದ್ದು. ಜೋಳದ ರೊಟ್ಟಿ ಬಡಿಯುವ ಆ ಸದ್ದು ನನಗೆ ಸಂಗೀತವೇ.

ಗೋಧಿಯ ಜಿಗುಟು ಜೋಳಕ್ಕಿಲ್ಲ. ಕುದಿಯುವ ಎಸರು ಬಿದ್ದಾಗಲೇ ಹಿಟ್ಟು ಒಂದನ್ನೊಂದು ಹಿಡಿಯುವುದು. "ಎಸರ ಮಳ್ಳಬೇಕ ತಂಗಿ, ಇಲ್ಲಾಂದ್ರ ರೊಟ್ಟಿ ಹರೀತೈತಿ" ಎನ್ನುತ್ತಿದ್ದಳು ನಮ್ಮಾಯಿ. ಅಂಗೈಯ ಬುಡದಿಂದ ನಾದುತ್ತಾಳೆ, ಉಂಡೆ ಕಟ್ಟುತ್ತಾಳೆ, ಒಣಹಿಟ್ಟಿನ ಮೇಲಿಟ್ಟು ಬಡಿಯುತ್ತಾಳೆ. ನೋಡಬೇಕಾದ್ದು ಬಡಿಯುವ ಬಲಗೈಯನ್ನಲ್ಲ, ಅಂಚಿಗೆ ಆತುಕೊಂಡ ಎಡಗೈಯನ್ನು. ರೊಟ್ಟಿ ದುಂಡಗೆ ತಿರುಗುವುದು, ಅಂಚು ಸೀಳದೆ ಉಳಿಯುವುದು ಅದರ ಕಾವಲಿನಲ್ಲಿ. ಲಟ್ಟಣಿಗೆಯ ರೊಟ್ಟಿಗೆ ಆ ಮೆದುವು ಎಲ್ಲಿಂದ ಬರಬೇಕು!

ಹಿಟ್ಟು ಹತ್ತಿದ ಮೈ ಮೇಲಾಗುವಂತೆ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಒಮ್ಮೆ ಸವರುತ್ತಾಳೆ. ಆ ನೀರು ಇನ್ನೇನು ಆರಿತು ಎನ್ನುವಾಗಲೇ ತಿರುವಬೇಕು. ತಡವಾದರೆ ಮೇಲ್ಮೈ ಬಿರಿಯುತ್ತದೆ. ಗಡಿಯಾರವಿಲ್ಲದೆ ಆ ಗಳಿಗೆ ಅವಳಿಗೆ ಗೊತ್ತು. ಆಮೇಲೆ ಕೆಂಡದ ಎದುರು ನಿಲ್ಲಿಸಿದರೆ ರೊಟ್ಟಿ ಉಸಿರು ತುಂಬಿ ಉಬ್ಬುತ್ತದೆ.

ಜೊತೆಗೆ ಸಂಕೇಶ್ವರದ ಮೆಣಸಿನಕಾಯಿ, ಬೆಳ್ಳುಳ್ಳಿ, ಒಣಕೊಬ್ಬರಿ ಕುಟ್ಟಿದ ಕೆಂಪು ಚಟ್ನಿ. ಉಬ್ಬಿದ ಪದರನ್ನು ಆಯಿ ಬೆರಳಿನಿಂದ ಒಡೆಯುತ್ತಿದ್ದಳು, ಬಿಸಿ ಹಬೆ ಏಳುತ್ತಿತ್ತು. ಒಳಗೆ ಚಟ್ನಿ ಸವರಿ, ಎಣ್ಣೆ ಬಿಟ್ಟು, ಮಡಚಿ ಕೈಗಿಡುತ್ತಿದ್ದಳು.