ಬರೆಯ ಮೇಲಿನ ಮನೆ, ಬರೆಯ ಕೆಳಗಿನ ನೀರು

ಕೊಡಗಿನಲ್ಲಿ ಗುಡ್ಡ ಕಡಿದು ಕಟ್ಟುವ ಮನೆಯ ನಕ್ಷೆಯ ಮೂಲೆಯಲ್ಲಿ ಒಂದು ಸಣ್ಣ ಆಯತ, ಅದರ ಪಕ್ಕದಲ್ಲಿ ಒಂದು ವೃತ್ತ ಇರುತ್ತದೆ. ಆಯತವೆಂದರೆ ಸೆಪ್ಟಿಕ್ ಟ್ಯಾಂಕ್, ವೃತ್ತವೆಂದರೆ ಇಂಗುಗುಂಡಿ. ಕಾಗದದ ಮೇಲೆ ಎರಡೂ ಒಂದೇ ಮಟ್ಟದಲ್ಲಿರುತ್ತವೆ. ನೆಲದ ಮೇಲೆ ಮಾತ್ರ ಆಯತ ಮನೆಯ ಹಿಂಬದಿಯಲ್ಲಿದ್ದರೆ ವೃತ್ತ ಬರೆಯ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆಯ, ಅಂಚಿನಲ್ಲಿರುತ್ತದೆ. ಅಂಚಿನಾಚೆ ಇಪ್ಪತ್ತು ಅಡಿ ಕೆಳಗೆ ಇನ್ನೊಬ್ಬರ ಅಂಗಳ, ಅವರ ಬಾವಿ. ತಪಾಸಣೆಗೆ ಬಂದವರು ಸಾಮಾನ್ಯವಾಗಿ ನೋಡುವುದು ಚಪ್ಪಡಿ ಸರಿಯಾಗಿ ಮುಚ್ಚಿದೆಯೇ, ಗಾಳಿಕೊಳವೆ ಇದೆಯೇ, ಫ್ಲಶ್ ಮಾಡಿದರೆ ನೀರು ಹೋಗುತ್ತದೆಯೇ ಎಂಬುದನ್ನು. ನೀರು ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರಿಲ್ಲ. ನನ್ನ ತಕರಾರೆಲ್ಲ ಇರುವುದು ಈ ಒಂದು ಪ್ರಶ್ನೆಯ ಸುತ್ತ.

ಸೆಪ್ಟಿಕ್ ಟ್ಯಾಂಕ್ ಮಾಡುವುದು ಅರ್ಧ ಕೆಲಸ ಮಾತ್ರ. ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಹೋಗುತ್ತದೆ. ನೋಡಲು ತಿಳಿಯಾದ ಆ ನೀರಿನಲ್ಲಿ ರೋಗಾಣುಗಳು ಇದ್ದೇ ಇರುತ್ತವೆ. ಉಳಿದರ್ಧ ಕೆಲಸ ಮಣ್ಣಿನದು. ನೀರು ನಿಧಾನವಾಗಿ ಕೆಳಕ್ಕಿಳಿಯುತ್ತ, ಗಾಳಿಯಾಡುವ ಒಣ ಮಣ್ಣಿನ ಪದರದಲ್ಲಿ ಸೋಸಿಕೊಳ್ಳಬೇಕು. ಬಯಲುಸೀಮೆಯಲ್ಲಿ ಆ ಪದರ ಆಳವಾಗಿದ್ದರೆ ಇದು ನಡೆಯುತ್ತದೆ. ಮಲೆನಾಡಿನ ಇಳಿಜಾರಿನಲ್ಲಿ ಮೇಲೆ ಸಡಿಲವಾದ ಕೆಂಪು ಮಣ್ಣು, ಅದರಡಿ ಹಲವೆಡೆ ಶೇಡಿ ಅಥವಾ ಜೇಡಿ, ಅದರಡಿ ಬಂಡೆ. ಕೆಂಪು ಮಣ್ಣು ನೀರನ್ನು ಬೇಗ ಕುಡಿಯುತ್ತದೆ, ಜೇಡಿ ತಡೆಯುತ್ತದೆ. ತಡೆದ ನೀರು ಎರಡು ಪದರಗಳ ಸಂದಿಯಲ್ಲಿ ಅಡ್ಡಕ್ಕೆ ಹರಿದು, ಬರೆ ಕಡಿದ ಕಡೆ ಒರತೆಯಾಗಿ ಜಿನುಗುತ್ತದೆ. ಇಂಗುಗುಂಡಿ ಎಷ್ಟು ಬೇಗ ಖಾಲಿಯಾಗುತ್ತದೋ ಅಷ್ಟು ಒಳ್ಳೆಯದು ಎಂಬ ನಂಬಿಕೆ ಬೆಟ್ಟದಲ್ಲಿ ತಲೆಕೆಳಗಾಗುವುದು ಇಲ್ಲೇ. ಬೇಗ ಖಾಲಿಯಾದ ಗುಂಡಿಯ ನೀರು ಸೋಸದೆ ಎಲ್ಲೋ ಹೊರಬಿದ್ದಿದೆ ಎಂಬ ಸಂಶಯವೇ ಮೊದಲು ಬರಬೇಕು.

ನಮ್ಮಲ್ಲಿ ಮಾನದಂಡ ಇಲ್ಲವೆಂದಲ್ಲ. ಸೆಪ್ಟಿಕ್ ಟ್ಯಾಂಕಿಗೆಂದೇ ಐಎಸ್ 2470 ಇದೆ, 1985ರ ಪರಿಷ್ಕರಣೆ. ಟ್ಯಾಂಕಿನ ಕನಿಷ್ಠ ಸಾಮರ್ಥ್ಯ 1,000 ಲೀಟರ್, ಅಗಲ 75 ಸೆಂಟಿಮೀಟರ್, ನೀರಿನ ಆಳ ಒಂದು ಮೀಟರ್. ಇಂಗಿಸುವ ವ್ಯವಸ್ಥೆ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ವಾಸದ ಮನೆಯಿಂದ 6 ಮೀಟರ್ ದೂರವಿರಬೇಕು. ಮಣ್ಣು ಎಷ್ಟು ಬೇಗ ನೀರು ಹೀರುತ್ತದೆಂದು ಗುಂಡಿ ತೋಡಿ, ನೀರು ತುಂಬಿ, ನೆನೆಸಿ, ಅಳೆದು ನೋಡುವ ವಿಧಾನವೂ ಅದರಲ್ಲಿದೆ. ಒಳ್ಳೆಯ ಸಂಹಿತೆ. ಆದರೆ 18 ಮೀಟರ್ ಎಂಬುದು ಟೇಪು ಹಿಡಿದು ಅಳೆಯುವ ಅಂತರ. ಬಾವಿ ಗುಂಡಿಗಿಂತ ಮೇಲಿದ್ದರೂ ಕೆಳಗಿದ್ದರೂ ಅದು ಹದಿನೆಂಟೇ. ಬಾವಿ ಮೇಲಿದ್ದರೆ ಹತ್ತು ಮೀಟರಿಗೂ ಅಪಾಯ ಕಡಿಮೆ ಇರಬಹುದು, ಕೆಳಗಿದ್ದರೆ ನಲವತ್ತೂ ಸಾಲದೆ ಹೋಗಬಹುದು. ಹೀಗಾಗಿ ಟೇಪಿನ ಅಳತೆಗೆ ಪಾಸಾದ ಮನೆ ನೆಲದ ಅಳತೆಗೆ ಪಾಸಾದಂತಲ್ಲ. ಮಣ್ಣು ಹೀರುವ ಪರೀಕ್ಷೆಯನ್ನು ಮಾಡಿದರೂ ಮನೆ ಕಟ್ಟುವ ಕಾಲವಾದ ಮಾರ್ಚ್, ಏಪ್ರಿಲಿನಲ್ಲೇ ಮಾಡುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಮಡಿಕೇರಿಯಂಥ ಊರಿನಲ್ಲಿ ಆಗ ಸಿಕ್ಕ ಉತ್ತರ ಜುಲೈನಲ್ಲಿ ಉಳಿಯುವುದಿಲ್ಲ. ನೆಲ ತುಂಬಿದಾಗ ಗುಂಡಿಯಿಂದ ನೀರು ಇಂಗುವುದಿಲ್ಲ, ಹೊರಗಿನಿಂದಲೇ ಗುಂಡಿಗೆ ಬರುತ್ತದೆ. ಶೌಚಾಲಯ ಕಟ್ಟಿಕೊಳ್ಳುತ್ತದೆ. ಮನೆಯವರು ಗುಂಡಿಯ ಕುತ್ತಿಗೆಗೆ ಒಂದು ಪೈಪು ಸಿಕ್ಕಿಸಿ ತೋಡಿನ ಕಡೆಗೆ ಬಿಡುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ಮನೆಯೊಳಗೆ ಹೊಲಸು ಉಕ್ಕುತ್ತಿರುವಾಗ ಯಾರಾದರೂ ಇದನ್ನೇ ಮಾಡಿಯಾರು. ಬೇಸಿಗೆಯಲ್ಲಿ ಆ ಪೈಪು ಒಣಗಿ ಎಲೆಯಡಿ ಮುಚ್ಚಿಹೋಗಿರುತ್ತದೆ. ತಪಾಸಣೆ ಎಂಬ ಹೆಸರಿಗೆ ಅರ್ಥ ಬರಬೇಕಾದರೆ ಮೊದಲು ಹುಡುಕಬೇಕಾದದ್ದು ಅದನ್ನು, ಹುಡುಕಬೇಕಾದ ತಿಂಗಳು ಜುಲೈ.

ಬರೆಯ ಗಟ್ಟಿತನದ ಮಾತೂ ಇದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಸುತ್ತ ಗುಡ್ಡಗಳು ಜಾರಿದಾಗ ವಿಪರೀತ ಮಳೆಯ ಜೊತೆಗೆ ಇಳಿಜಾರು ಕಡಿದು ಸಮತಟ್ಟು ಮಾಡಿದ್ದೂ ಚರ್ಚೆಗೆ ಬಂತು. ಅದಕ್ಕೆ ಇಂಗುಗುಂಡಿಗಳೇ ಕಾರಣ ಎಂದರೆ ಸುಳ್ಳಾದೀತು, ಅಂಥ ಮಳೆಯ ಮುಂದೆ ಮನೆಯ ನೀರು ಲೆಕ್ಕಕ್ಕಿಲ್ಲ. ಆದರೆ ಕಡಿದ ಬರೆಯ ನೆತ್ತಿಗೆ ವರ್ಷವಿಡೀ, ದಿನವೂ, ಒಂದೇ ಜಾಗದಲ್ಲಿ ನೀರು ಇಳಿಸುವುದು ಬೇರೆಯೇ ಸಂಗತಿ. ಮಳೆಗಾಲ ಬರುವ ಮೊದಲೇ ಆ ಮಣ್ಣು ತೊಯ್ದಿರುತ್ತದೆ. ಉತ್ತರಾಖಂಡದ ಜೋಶಿಮಠ ಹಳೆಯ ಭೂಕುಸಿತದ ಮಣ್ಣಿನ ಮೇಲೆ ಕೂತ ಊರೆಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ಅಲ್ಲಿ ಮನೆಗಳು ಬಿರುಕು ಬಿಟ್ಟಾಗ ತಜ್ಞರು ಪಟ್ಟಿ ಮಾಡಿದ ಕಾರಣಗಳಲ್ಲಿ ಮನೆಗಳ ಕೊಳಚೆ ನೀರು ಚರಂಡಿ ಕಾಣದೆ ನೆಲಕ್ಕಿಳಿಯುತ್ತಿದ್ದದ್ದೂ ಇತ್ತು. ಅಷ್ಟಾದ ಮೇಲೂ ನಾವು ಮನೆ ಬಿರುಕು ಬಿಟ್ಟರೆ ಎಂಜಿನಿಯರನ್ನು, ಗುಂಡಿ ತುಂಬಿದರೆ ಸಕ್ಕಿಂಗ್ ಮಷಿನನ್ನು ಬೇರೆಬೇರೆಯಾಗಿ ಕರೆಯುತ್ತೇವೆ. ಎರಡೂ ಒಂದೇ ಬರೆಯ ಕಾಯಿಲೆಯಾಗಿರಬಹುದೆಂದು ನೋಡುವ ಒಬ್ಬರು ಬೇಕು.

ಹೋಂಸ್ಟೇಗಳ ವಿಷಯಕ್ಕೆ ಬಂದರೆ ಲೆಕ್ಕ ಸರಳವಾಗಿದೆ. ತಲೆಗೆ ದಿನಕ್ಕೆ ನೂರು ಲೀಟರ್ ಎಂದಿಟ್ಟುಕೊಳ್ಳಿ. ಐದು ಜನರ ಮನೆಗೆ ಕಟ್ಟಿದ ಸಾವಿರ ಲೀಟರಿನ ಟ್ಯಾಂಕಿನಲ್ಲಿ ನೀರು ಎರಡು ದಿನ ನಿಲ್ಲುತ್ತದೆ, ಹೊಲಸು ತಳಕ್ಕೆ ಕೂರಲು ಸಮಯ ಸಿಗುತ್ತದೆ. ಅದೇ ಮನೆಗೆ ಎರಡು ಕೋಣೆ ಸೇರಿಸಿ ಶನಿವಾರ ಇಪ್ಪತ್ತು ಜನರನ್ನು ಇಳಿಸಿದರೆ ನೀರು ನಿಲ್ಲುವುದು ಅರ್ಧ ದಿನ. ಕೂರದ ಹೊಲಸು ನೇರ ಇಂಗುಗುಂಡಿಗೆ ಹೋಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಹಳೆಯ ಮನೆಗಳಲ್ಲಿ ಬಚ್ಚಲ ನೀರು ಬಾಳೆಯ ಬುಡಕ್ಕೆ ಹೋಗುತ್ತಿತ್ತು, ಶೌಚದ ನೀರು ಮಾತ್ರ ಗುಂಡಿಗೆ. ಅದು ಜಾಣ ವ್ಯವಸ್ಥೆ. ಹೊಸ ಪ್ಲಂಬಿಂಗ್ ಎಲ್ಲವನ್ನೂ ಒಂದೇ ಪೈಪಿಗೆ ತಂದಿತು. ತಪಾಸಣೆಯಲ್ಲಿ ಕೋಣೆಗಳನ್ನು ಎಣಿಸುವುದು ಸುಲಭ. ವಾರಾಂತ್ಯದ ಹಾಸಿಗೆಗಳನ್ನು ಎಣಿಸಬೇಕು.

ಅನುಮಾನ ಬಂದಾಗ ಬಣ್ಣದ ಪರೀಕ್ಷೆ ಮಾಡುವುದುಂಟು. ಫ್ಲೋರೆಸೀನ್ ಎಂಬ ಹಸಿರು ಬಣ್ಣವನ್ನು ಶೌಚಕ್ಕೆ ಸುರಿದು ಕೆಳಗಿನ ಒರತೆಯಲ್ಲಿ ಕಾಣುತ್ತದೆಯೇ ಎಂದು ಕಾಯುವುದು. ಕಂಡರೆ ವಾದ ಮುಗಿಯಿತು. ಕಾಣದಿದ್ದರೆ ಮಾತ್ರ ಏನೂ ಮುಗಿದಿಲ್ಲ: ಬಣ್ಣ ಮಣ್ಣಿಗೆ ಅಂಟಿರಬಹುದು, ತೆಳುವಾಗಿರಬಹುದು, ವಾರಗಳ ನಂತರ ಇನ್ನೊಂದು ಒರತೆಯಲ್ಲಿ ಬರಬಹುದು. ಒಂದು ಸಂಜೆ ನೋಡಿ ಮನೆಗೆ ಶುದ್ಧಪತ್ರ ಕೊಡುವುದು ಈ ಪರೀಕ್ಷೆಯ ದುರ್ಬಳಕೆ.

ಇನ್ನು ಟ್ಯಾಂಕ್ ಖಾಲಿ ಮಾಡುವುದು. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕೆನ್ನುತ್ತಾರೆ. ಸಕ್ಕಿಂಗ್ ಮಷಿನ್ ನೀರನ್ನು ಎತ್ತುವುದು ಗಾಳಿಯ ಒತ್ತಡದ ಬಲದಿಂದ, ಆ ಬಲಕ್ಕೆ ಮಿತಿಯಿದೆ. ಸಮುದ್ರಮಟ್ಟದಲ್ಲಿ ಪರಿಪೂರ್ಣ ನಿರ್ವಾತವಿದ್ದರೂ ಹತ್ತು ಮೀಟರಿನಷ್ಟೇ. ಮಡಿಕೇರಿಯ ಎತ್ತರದಲ್ಲಿ ಅದಕ್ಕಿಂತ ಕಡಿಮೆ, ದಪ್ಪ ಕೆಸರಿಗೆ ಇನ್ನೂ ಕಡಿಮೆ. ರಸ್ತೆಯಿಂದ ಕೆಳಗೆ ಎರಡು ಮೂರು ಮೆಟ್ಟಿಲುಗಳಾಗಿ ಕಡಿದ ಜಾಗದಲ್ಲಿ ಮನೆಯಿದ್ದು, ಅದರ ಟ್ಯಾಂಕ್ ಇನ್ನೂ ಕೆಳಗಿದ್ದರೆ ಲಾರಿ ಬಂದು ರಸ್ತೆಯಲ್ಲಿ ನಿಂತರೂ ಪ್ರಯೋಜನವಿಲ್ಲ. ಆಗ ಬಕೆಟು ಹಿಡಿದು ಒಬ್ಬ ಮನುಷ್ಯ ಇಳಿಯುವ ಪ್ರಸಂಗ ಬರುತ್ತದೆ. ಟ್ಯಾಂಕಿನೊಳಗಿನ ಹೈಡ್ರೋಜನ್ ಸಲ್ಫೈಡ್ ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿಸಬಲ್ಲದು, ಎತ್ತಲು ಇಳಿದ ಎರಡನೆಯವನೂ ಅಲ್ಲೇ ಉಳಿಯುತ್ತಾನೆ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯಿದೆ ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವುದನ್ನು ನಿಷೇಧಿಸಿದೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವುಗಳ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿತು. ರಸ್ತೆಯ ಮಟ್ಟದಿಂದ ಟ್ಯಾಂಕಿನ ತಳ ಎಷ್ಟು ಮೀಟರ್ ಕೆಳಗಿದೆ ಎಂಬ ಒಂದು ಅಂಕೆಯನ್ನು ನಕ್ಷೆಯಲ್ಲಿ ಕಡ್ಡಾಯವಾಗಿ ಬರೆಸಿದರೆ, ಯಾವ ಮನೆಯಲ್ಲಿ ಮುಂದೊಂದು ದಿನ ಮನುಷ್ಯನನ್ನು ಇಳಿಸಲಿದ್ದಾರೆ ಎಂಬುದು ಕಟ್ಟುವ ಮೊದಲೇ ತಿಳಿದುಹೋಗುತ್ತದೆ. ಇಷ್ಟು ಅಗ್ಗದ ಸುಧಾರಣೆ ಇನ್ನೊಂದನ್ನು ನಾನು ಕಾಣೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1995ರಿಂದ ಮನೆ ಮಾರುವಾಗ ಸೆಪ್ಟಿಕ್ ತಪಾಸಣೆ ಸಾಮಾನ್ಯವಾಗಿ ಕಡ್ಡಾಯ. ಆಸ್ತಿ ಕೈಬದಲಾಗುವ ಆ ಒಂದು ಗಳಿಗೆಯಲ್ಲಿ ದುಡ್ಡೂ ಇರುತ್ತದೆ, ಗಮನವೂ ಇರುತ್ತದೆ. ನಮ್ಮಲ್ಲಿ ಪಹಣಿ, ಋಣಭಾರ ಪತ್ರ, ಗಡಿ ಕಲ್ಲು ಎಲ್ಲವನ್ನೂ ನೋಡಿ ಕೊಳ್ಳುವವರು ಗುಂಡಿಯ ಮುಚ್ಚಳ ಎತ್ತಿಸುವುದಿಲ್ಲ. ಆದರೆ ಆ ಪದ್ಧತಿಯಲ್ಲೂ ಕೊಳ್ಳುವವನ ಹಿತಕ್ಕೆ ಒಂದು ಗಳಿಗೆ ಮೀಸಲಾಯಿತೇ ಹೊರತು, ಬೆಟ್ಟದಲ್ಲಿ ಅಪಾಯ ಹೊರುವ ಕೆಳಮನೆಯವರಿಗೆ ವ್ಯವಹಾರದಲ್ಲಿ ಜಾಗವೇ ಇಲ್ಲ. ಅವರು ಏನನ್ನೂ ಕೊಂಡಿಲ್ಲ, ಮಾರಿಲ್ಲ, ನೀರು ಮಾತ್ರ ಕುಡಿಯುತ್ತಾರೆ.

ಜಲಜೀವನ್ ಮಿಷನ್ನಿನಡಿ ಹಳ್ಳಿಯ ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಕೊಟ್ಟು ತರಬೇತಿ ಮಾಡಿದ್ದಾರೆ. ಅದರಲ್ಲಿ ಎಚ್‌ಟುಎಸ್ ಸೀಸೆ ಒಂದಿದೆ. ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಮಾಲಿನ್ಯದ ಶಂಕೆ. ದನದ ಕೊಟ್ಟಿಗೆಯಿಂದಲೂ ಆಗಬಹುದು, ಅದನ್ನು ಬೇರ್ಪಡಿಸಿ ನೋಡಬೇಕು. ಮಳೆಗಾಲದಲ್ಲಿ ಕೆಳಮನೆಯ ಬಾವಿಯಲ್ಲಿ ಈ ಸೀಸೆ ಕಪ್ಪಾದ ದಿನವೇ ಪಂಚಾಯಿತಿಯವರು ಅಲ್ಲಿಂದ ಮೇಲಕ್ಕೆ ಹತ್ತುತ್ತ, ಒರತೆ, ಬರೆಯ ತೇವ, ಎಲೆಯಡಿಯ ಪೈಪು ನೋಡಿಕೊಂಡು ಮೇಲಿನ ಮನೆಯ ಮುಚ್ಚಳಕ್ಕೆ ಕೊನೆಯಲ್ಲಿ ತಲುಪಲಿ. ಆ ಕ್ರಮದಲ್ಲಿ ನಡೆದ ತಪಾಸಣೆಯ ವರದಿಯ ಒಂದು ಪ್ರತಿ ಕೆಳಮನೆಯವರ ಕೈಗೂ ಸಿಗಬೇಕು.