ಸೀತಾಳೆ ಸಿಡುಬು: ಹೆಸರಿನಲ್ಲಿ ಸಿಕ್ಕಿಕೊಂಡ ಕಾಯಿಲೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಸೀತಾಳೆ ಸಿಡುಬು ಎದ್ದ ಮನೆಯಲ್ಲಿ ಅದನ್ನು ಕಾಯಿಲೆಯೆಂದು ಕರೆಯುವವರು ಕಡಿಮೆ. 'ಅಮ್ಮ ಆಗಿದೆ' ಎನ್ನುತ್ತಾರೆ. ಉರ್ದು ಮಾತಾಡುವ ಮನೆಗಳಲ್ಲಿ 'ಮಾತಾ ನಿಕ್ಲೀ ಹೈ'. ದೇವಿಯ ಪೂಜೆಯಿಲ್ಲದ ಮನೆಯಲ್ಲೂ ದೇವಿಯ ಹೆಸರು ಸಲೀಸಾಗಿ ಉಳಿದುಬಂದಿದೆ. ಇದರಲ್ಲಿ ನಮಗೆ ತಪ್ಪೇನೂ ಕಾಣುವುದಿಲ್ಲ. ನೆರೆಹೊರೆಯವರ ಬಾಯಿಂದ ನಮ್ಮ ಬಾಯಿಗೆ ಬಂದ ಮಾತು ಅದು. ಆದರೆ ಒಂದು ಹೆಸರು ರೋಗಿಯನ್ನು ಯಾವ ಬಾಗಿಲಿಗೆ ಕಳುಹಿಸುತ್ತದೆ, ಯಾವ ಬಾಗಿಲಿಗೆ ಹೋಗದಂತೆ ತಡೆಯುತ್ತದೆ ಎಂಬುದನ್ನು ನೋಡಲೇಬೇಕು. ಕಥೆ, ಕವನಗಳನ್ನಷ್ಟೇ ವಿಮರ್ಶಿಸಬೇಕೆಂದು ಎಲ್ಲಿ ಬರೆದಿದೆ?

ಹೆಸರಿನ ಗೊಂದಲ ಹಳೆಯದು. ಹಕೀಮ್ ಅಬೂಬಕರ್ ಅಲ್ ರಾಝಿಯವರು ಸಾವಿರ ವರ್ಷಗಳಿಗೂ ಹಿಂದೆಯೇ ಸಿಡುಬನ್ನೂ ದಡಾರವನ್ನೂ ಬೇರೆಬೇರೆಯಾಗಿ ಗುರುತಿಸಿ ಗ್ರಂಥ ಬರೆದರು. ಆದರೆ ಸಿಡುಬು ಬೇರೆ, ಸೀತಾಳೆ ಸಿಡುಬು ಬೇರೆ ಎಂದು ಇಂಗ್ಲೆಂಡಿನ ವಿಲಿಯಂ ಹೆಬರ್ಡನ್ ಸ್ಪಷ್ಟಪಡಿಸಲು 1767 ಆಗಬೇಕಾಯಿತು. ಸಿಡುಬು ಕೊಂದಿತು, ಉಳಿದವರಲ್ಲಿ ಹಲವರನ್ನು ಕುರುಡಾಗಿಸಿತು. 1975ರಲ್ಲಿ ಬಾಂಗ್ಲಾದೇಶದ ಭೋಲಾ ದ್ವೀಪದ ಪುಟ್ಟ ಹುಡುಗಿ ರಹೀಮಾ ಬಾನು ಅದರ ಉಗ್ರ ರೂಪದ ಕೊನೆಯ ರೋಗಿಯಾಗಿ ಬದುಕುಳಿದಳು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ತೊಲಗಿತೆಂದು ಘೋಷಿಸಿತು. ಸಿಡುಬು ಹೋಯಿತು, ಅದರ ಭಯ, ಪಥ್ಯ, ಕಟ್ಟಳೆಗಳೆಲ್ಲ ಬೇರೆಯದೇ ವೈರಾಣುವಿನಿಂದ ಬರುವ ಸೀತಾಳೆ ಸಿಡುಬಿನ ಪಾಲಿಗೆ ಬಂದವು. ವಿಚಿತ್ರವೆಂದರೆ ಆ ಭಯದ ಜೊತೆಗೇ ಒಂದು ಉಡಾಫೆಯೂ ಇದೆ: 'ತಾನಾಗಿ ಬಂದದ್ದು ತಾನಾಗಿ ಹೋಗುತ್ತದೆ.'

ನಮ್ಮ ಸಾಹಿತ್ಯವೂ ಈ ಉಡಾಫೆಗೆ ಹೊರತಲ್ಲ. ಕೋಟದ ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಕಾಲರಾ ಇದೆ, ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ಪ್ಲೇಗು ಇದೆ. ಸೀತಾಳೆ ಸಿಡುಬಿಗೆ ಅಂಥ ಗಾಂಭೀರ್ಯ ಸಿಗಲಿಲ್ಲ. ಅದು ಮಕ್ಕಳಿಗೆ ಬಂದು ಹೋಗುವ, ಶಾಲೆಗೆ ರಜೆ ಕೊಡಿಸುವ ಕಾಯಿಲೆಯಾಗಿಯೇ ನಮ್ಮ ನೆನಪಿನಲ್ಲಿ ನಿಂತಿದೆ.

ಮಕ್ಕಳ ಮಟ್ಟಿಗೆ ಅದು ಬಹುಪಾಲು ನಿಜ. ದೊಡ್ಡವರ ಮಾತು ಬೇರೆ. ಬೈಂದೂರು, ಕುಂದಾಪುರದ ಹುಡುಗರು ಬೆಂಗಳೂರಿನ ಬೇಕರಿಗಳಲ್ಲಿ, ಮುಂಬಯಿಯ ಹೋಟೆಲುಗಳಲ್ಲಿ, ಗಲ್ಫಿನ ರೂಮುಗಳಲ್ಲಿ ಏಳೆಂಟು ಮಂದಿ ಒಟ್ಟಿಗೆ ಮಲಗುತ್ತಾರೆ. ಚಿಕ್ಕಂದಿನಲ್ಲಿ ತಪ್ಪಿಸಿಕೊಂಡವನಿಗೆ ಅಲ್ಲಿ ಇಪ್ಪತ್ತೈದನೆಯ ವಯಸ್ಸಿನಲ್ಲಿ ತಗಲುತ್ತದೆ. ಸೋಂಕು ತಗಲಿ ದದ್ದು ಏಳಲು 10ರಿಂದ 21 ದಿನ ಬೇಕು. ರಜೆಗೆಂದು ಹೊರಟವನು ಗೊತ್ತಿಲ್ಲದೆಯೇ ಅದನ್ನು ಹೊತ್ತು ಊರಿಗೆ ಬರುತ್ತಾನೆ. ದದ್ದು ಕಾಣುವ ಒಂದೆರಡು ದಿನ ಮೊದಲೇ ಅವನ ಉಸಿರಿನಿಂದ ಮನೆಯವರಿಗೆ ಹರಡತೊಡಗುತ್ತದೆ. ಅದೇ ಮನೆಯಲ್ಲಿ ಹೆರಿಗೆಗೆಂದು ತವರಿಗೆ ಬಂದ ತಂಗಿ ಇದ್ದರೆ? ದೊಡ್ಡವರಲ್ಲಿ, ಅದರಲ್ಲೂ ಗರ್ಭಿಣಿಯರಲ್ಲಿ ಇದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹೆರಿಗೆಯ ಆಸುಪಾಸಿನ ದಿನಗಳಲ್ಲಿ ತಾಯಿಗೆ ದದ್ದು ಎದ್ದರೆ ಹಸುಗೂಸಿನ ಪ್ರಾಣಕ್ಕೇ ಅಪಾಯ.

ಇಲ್ಲಿ ಬಾಗಿಲಿಗೆ ಕಟ್ಟುವ ಬೇವಿನ ಸೊಪ್ಪಿನ ಬಗ್ಗೆ ಒಂದು ಮಾತು ಹೇಳಲೇಬೇಕು. ವಿಚಾರವಾದಿಗಳು ಅದನ್ನು ಕಂಡು ನಗುವುದುಂಟು. ನಮಗೆ ಅದರಲ್ಲಿ ವಿವೇಕವೇ ಕಾಣುತ್ತದೆ. ಆ ಸೊಪ್ಪನ್ನು ಕಂಡವರು ಒಳಗೆ ಬರುವುದಿಲ್ಲ. ಯಾವ ಆರೋಗ್ಯ ಇಲಾಖೆಯ ಬೋರ್ಡಿಗೂ ಜನ ಅಷ್ಟು ಮರ್ಯಾದೆ ಕೊಟ್ಟದ್ದಿಲ್ಲ. ನಮ್ಮ ಮನೆಗಳಲ್ಲಿ ಇದಕ್ಕೆ ಪೂರಾ ವಿರುದ್ಧ. ರೋಗಿಯನ್ನು ವಿಚಾರಿಸಲು ಹೋಗುವುದು, ಇಯಾದತ್, ಪುಣ್ಯದ ಕೆಲಸ, ಸಂಶಯವಿಲ್ಲ. ಆದ್ದರಿಂದ ಖಾಲಾ, ಫೂಫಿ, ಅವರ ಮಕ್ಕಳು, ಬಸುರಿ ಸೊಸೆ ಎಲ್ಲರೂ ಬಂದು ಮಂಚದ ಸುತ್ತ ಕೂರುತ್ತಾರೆ, ಊದಿದ ನೀರು ಕುಡಿಸುತ್ತಾರೆ, ಮಗುವನ್ನು ರೋಗಿಯ ಪಕ್ಕದಲ್ಲೇ ಮಲಗಿಸುತ್ತಾರೆ. ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ಫೋನಿನಲ್ಲಿ ವಿಚಾರಿಸಿದರೆ ಪುಣ್ಯವೇನೂ ಕಡಿಮೆಯಾಗದು.

ಪಥ್ಯದ ವಿಷಯದಲ್ಲಿ ಇಷ್ಟು ಉದಾರವಾಗಿರಲು ನಮ್ಮಿಂದಾಗದು. ಒಗ್ಗರಣೆ ಇಲ್ಲ, ಮೀನು ಮಾಂಸ ಇಲ್ಲ, ಸ್ನಾನ ಇಲ್ಲ. ಎಳನೀರು, ಗಂಜಿ ಒಳ್ಳೆಯದೇ. ಆದರೆ ಜ್ವರದಲ್ಲಿ ಸೊರಗಿದ ದೇಹಕ್ಕೆ ಮೊಟ್ಟೆ, ಮೀನು ಬೇಡವೆನ್ನಲು ವೈದ್ಯಶಾಸ್ತ್ರದಲ್ಲಿ ಕಾರಣವಿಲ್ಲ. ಇಂಗ್ಲಿಷ್ ಹೆಸರಿನಲ್ಲಿ 'ಚಿಕನ್' ಇದೆಯೆಂದು ಕೋಳಿಯನ್ನು ದೂರುವವರೂ ಇದ್ದಾರೆ. ಪಾಪ, ಕೋಳಿಗೂ ಈ ವೈರಾಣುವಿಗೂ ನಂಟಿಲ್ಲ. ಕರಾವಳಿಯ ಸೆಕೆಯಲ್ಲಿ ವಾರಗಟ್ಟಲೆ ಮೀಯದೆ, ತುರಿಸಿ ಕೆರೆದುಕೊಂಡರೆ ಗುಳ್ಳೆ ಕೀವಾಗುತ್ತದೆ, ಕಲೆ ಆಳವಾಗುತ್ತದೆ. ದಿನವೂ ಉಗುರುಬೆಚ್ಚಗಿನ ನೀರಿನಲ್ಲಿ ಮಿಂದು, ಉಜ್ಜದೆ ಒರೆಸಿ, ಉಗುರು ಕತ್ತರಿಸಿ, ಕ್ಯಾಲಮೈನ್ ಹಚ್ಚಬೇಕು. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಕೂಡದು, ಐಬುಪ್ರೊಫೆನ್ ಕೂಡ ಬೇಡ.

ಇನ್ನು ವೈದ್ಯರ ಬಾಗಿಲು. ಮೈಮೇಲೆ ಕಾಣುವುದರಿಂದ ಇದು ಚರ್ಮದ ಕಾಯಿಲೆ, ಚರ್ಮದ ಡಾಕ್ಟರೇ ಬೇಕು ಎಂದು ಓದಿದವರೂ ಹುಡುಕಾಟ ಶುರುಮಾಡುತ್ತಾರೆ. ಬೈಂದೂರಿನಿಂದ ಕುಂದಾಪುರಕ್ಕೆ ಮೂವತ್ತು ಕಿಲೋಮೀಟರಿನ ಮೇಲಾಗುತ್ತದೆ, ಅಲ್ಲಿಂದ ಮಣಿಪಾಲಕ್ಕೆ ಮತ್ತೆ ಅಷ್ಟೇ ದೂರ. ತಜ್ಞರು ಕೂರುವ ದಿನಕ್ಕಾಗಿ ಕಾಯುವಷ್ಟರಲ್ಲಿ ಹೊತ್ತು ಮೀರುತ್ತದೆ. ದೊಡ್ಡವರಿಗೆ ಕೊಡುವ ಅಸೈಕ್ಲೊವಿರ್ ಮಾತ್ರೆ ದದ್ದು ಎದ್ದ 24 ಗಂಟೆಯೊಳಗೆ ಶುರುವಾದರೆ ಹೆಚ್ಚು ಪ್ರಯೋಜನ. ಅದನ್ನು ಬರೆದುಕೊಡಲು ಊರಿನ ಎಂಬಿಬಿಎಸ್ ವೈದ್ಯರೇ ಸಾಕು. ಸಮುದಾಯ ಆರೋಗ್ಯ ಕೇಂದ್ರವೂ ಆದೀತು, ಕುಂದಾಪುರದ ತಾಲೂಕು ಆಸ್ಪತ್ರೆಯೂ ಆದೀತು. ಹೋಗುವ ಮೊದಲು ಫೋನು ಮಾಡಿ ಹೇಳಿದರೆ ಗರ್ಭಿಣಿಯರಿರುವ ಸಾಲಿನಲ್ಲಿ ಕೂರುವುದು ತಪ್ಪುತ್ತದೆ. ಉಸಿರಾಟ ಕಷ್ಟವಾದರೆ, ಮಂಪರು ಹತ್ತಿದರೆ, ನಡಿಗೆ ತಡವರಿಸಿದರೆ, ಗುಳ್ಳೆಯ ಸುತ್ತ ಕೆಂಪಾಗಿ ನೋವು ಹೆಚ್ಚಿದರೆ ನೇರ ದೊಡ್ಡ ಆಸ್ಪತ್ರೆ. ಗರ್ಭಿಣಿಗೆ ರೋಗಿಯ ಸಂಪರ್ಕವಾಗಿದ್ದರೆ ದದ್ದು ಏಳುವವರೆಗೆ ಕಾಯಲೂಬಾರದು.

ಚರ್ಮವೈದ್ಯರು ಬೇಕಾಗುವುದು ಅನುಮಾನವಿದ್ದಾಗ, ಗುಳ್ಳೆ ಕೆಟ್ಟಾಗ ಮತ್ತು ಆಮೇಲೆ ಕಲೆಗಳಿಗೆ. ಅವರ ಬಾಗಿಲಲ್ಲೂ ಒಂದು ಹೆಸರಿನ ತೊಡಕಿದೆ. ನಮ್ಮ ದೇಶದಲ್ಲಿ ಆ ಪದವಿಯೇ ಚರ್ಮ, ಲೈಂಗಿಕ ರೋಗ, ಕುಷ್ಠ ಮೂರನ್ನೂ ಒಟ್ಟಿಗೆ ಹೊತ್ತಿದೆ. ಬೋರ್ಡಿನಲ್ಲಿ 'ಚರ್ಮ ಹಾಗೂ ಗುಪ್ತರೋಗ ತಜ್ಞರು' ಎಂದು ಬರೆದಿದ್ದರೆ, ಮದುವೆಗೆ ಬಂದ ಮಗಳನ್ನು ಕರೆದುಕೊಂಡು ಪೇಟೆಯ ನಡುವೆ ಆ ಮೆಟ್ಟಿಲು ಹತ್ತಲು ಯಾವ ತಾಯಿಗೆ ಧೈರ್ಯ ಬಂದೀತು? ಆಕೆ ಮೆಡಿಕಲ್ ಶಾಪಿಗೆ ಹೋಗಿ 'ಕಲೆ ಹೋಗುವ ಕ್ರೀಮು' ಕೇಳುತ್ತಾಳೆ. ಸಿಗುವುದು ಅನೇಕ ಸಲ ಸ್ಟೆರಾಯ್ಡ್ ಬೆರೆತ ಮುಲಾಮು. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ಮೊದಮೊದಲು ಮುಖ ಬೆಳಗಾಗುತ್ತದೆ. ಬರಬರುತ್ತ ಚರ್ಮ ತೆಳುವಾಗುತ್ತದೆ, ಕೆಂಪಾಗುತ್ತದೆ, ಮೊಡವೆ ಏಳುತ್ತದೆ. ಹೆಣ್ಣಿನ ಮುಖದ ನಾಲ್ಕು ಕಲೆಯನ್ನು ಎಣಿಸಿ ಸಂಬಂಧ ಮುರಿಯುವ ಗಂಡಿನ ಕಡೆಯವರನ್ನು ಏನೆಂದು ಕರೆಯುವುದೋ ನಮಗೆ ತಿಳಿಯದು. ನಿಜವಾದ ತಜ್ಞರನ್ನು ಗುರುತಿಸುವುದು ಕಷ್ಟವಲ್ಲ: ಚರ್ಮರೋಗದಲ್ಲಿ ಎಂಡಿ, ಡಿಪ್ಲೊಮಾ ಅಥವಾ ಡಿಎನ್‌ಬಿ ಪದವಿ, ಚೀಟಿಯ ಮೇಲೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ.

ಈ ಕಾಯಿಲೆಗೆ ಲಸಿಕೆಯಿದೆ. ಜಪಾನಿನ ತಕಾಹಾಶಿಯವರು 1974ರಲ್ಲೇ ಅದನ್ನು ಸಿದ್ಧಪಡಿಸಿದರು. ನಮ್ಮ ಸರಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಅದಿಲ್ಲ; ಖಾಸಗಿಯಾಗಿ ದುಡ್ಡು ಕೊಟ್ಟು ಎರಡು ಡೋಸು ಹಾಕಿಸಬೇಕು. ಗಲ್ಫಿಗೆ ಹೊರಡುವ ಹುಡುಗನಿಗೆ ಸೂಟ್‌ಕೇಸು ಕೊಡಿಸುವ ಮನೆಯವರು ಇದನ್ನೂ ಕೇಳಿ ನೋಡಬಹುದು. ಗರ್ಭಿಣಿಯರಿಗೆ ಹಾಕುವಂತಿಲ್ಲವಾದ್ದರಿಂದ ಹೆಣ್ಣುಮಕ್ಕಳಿಗೆ ಮದುವೆಗೆ ಮುಂಚೆಯೇ ಆಗಬೇಕು.

ಕೊನೆಗೆ, ಗುಣವಾದ ಮೇಲೂ ವೈರಾಣು ದೇಹ ಬಿಟ್ಟು ಹೋಗುವುದಿಲ್ಲ. ನರದ ಬುಡದಲ್ಲಿ ಮಲಗಿರುತ್ತದೆ, ಎಷ್ಟೋ ವರ್ಷಗಳ ಮೇಲೆ ಎದ್ದು ಮೈಯ ಒಂದೇ ಪಕ್ಕಕ್ಕೆ ಪಟ್ಟಿಯಂತೆ ಗುಳ್ಳೆ ಎಬ್ಬಿಸುತ್ತದೆ. ಆಗ ನಾವು ಅದನ್ನು ಸರ್ಪಸುತ್ತು ಎನ್ನುತ್ತೇವೆ, ಹಾವಿನ ತಲೆಗೆ ಬಾಲ ಕೂಡಿದರೆ ಸಾವು ಎಂದು ಹೆದರುತ್ತೇವೆ. ಚಿಕ್ಕಂದಿನಲ್ಲಿ ಅಮ್ಮ, ಮುಪ್ಪಿನಲ್ಲಿ ಹಾವು. ವೈರಾಣು ಮಾತ್ರ ಒಂದೇ. ಇದಕ್ಕೂ ಮದ್ದು ಅದೇ ಜಾತಿಯ ಮಾತ್ರೆ, ಮೂರು ದಿನದೊಳಗೆ ಶುರುವಾಗಬೇಕು. ಗುಳ್ಳೆ ಹಣೆ, ಮೂಗು, ಕಣ್ಣಿನ ಸುತ್ತ ಎದ್ದರೆ ಅದೇ ದಿನ ಕಣ್ಣಿನ ವೈದ್ಯರಿಗೂ ತೋರಿಸಬೇಕು.