ಪತ್ತೇದಾರಿ ಕಥೆಯ ರೂಪಾಂತರ ಮತ್ತು ಅನುಮಾನಪ್ರಮಾಣ

ಪರಭಾಷೆಯ ಕಥೆಯೊಂದನ್ನು ಚಲಚ್ಚಿತ್ರಕ್ಕೆ ಅಳವಡಿಸುವಾಗ ಪಾತ್ರಗಳ ಹೆಸರು, ಉಡುಗೆ, ಊರುಗಳನ್ನು ನಮ್ಮ ನಾಡಿಗೆ ಒಗ್ಗಿಸಿದರೆ ಕಾರ್ಯವು ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ಪ್ರಣಯಕಥೆಗೂ ಸಂಸಾರದ ಕಥೆಗೂ ಇದು ಕೆಲಮಟ್ಟಿಗೆ ಸಲ್ಲಬಹುದು. ಪತ್ತೇದಾರಿ ಕಥೆಗೆ ಸಲ್ಲದು. ಆ ಪ್ರಕಾರದಲ್ಲಿ ಕೊಲೆಯಾದದ್ದು ಮುಖ್ಯವಲ್ಲ, ಕೊಲೆಗಾರನು ಇಂಥವನೆಂದು ತಿಳಿದುಬಂದ ಕ್ರಮವು ಮುಖ್ಯ. ನಮ್ಮ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಪ್ರಮೇಯಕ್ಕಿಂತ ಪ್ರಮಾಣಕ್ಕೆ ಪ್ರಾಧಾನ್ಯ. ಆದಕಾರಣ ಇಂಥ ಕೃತಿಯು ದೇಶಾಂತರಕ್ಕೆ ಬಂದಾಗ ಅದರ ಪ್ರಮಾಣವು ಏನಾಯಿತೆಂದು ವಿಮರ್ಶಕನು ಮೊದಲು ವಿಚಾರಿಸಬೇಕು. ಈ ದೃಷ್ಟಿಯಿಂದ ಎರಡು ಚಿತ್ರಗಳನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಆರ್ಥರ್ ಕಾನನ್ ಡಾಯಲನ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ 1902ರಲ್ಲಿ ಪುಸ್ತಕರೂಪವನ್ನು ಪಡೆಯಿತು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ಜಮೀನುದಾರ ಮನೆತನವೊಂದನ್ನು ದೆವ್ವದ ನಾಯಿಯೊಂದು ಬೆನ್ನಟ್ಟುತ್ತಿದೆಯೆಂಬ ಐತಿಹ್ಯ. ಯಜಮಾನನ ವಿಚಿತ್ರ ಮರಣ. ಹೊಸ ವಾರಸುದಾರನ ಆಗಮನ. ಲಂಡನ್ನಿನ ಹೋಟೆಲಿನಲ್ಲಿ ಈ ವಾರಸುದಾರನ ಹೊಸ ಬೂಟೊಂದು ಕಾಣೆಯಾಗಿ ಮತ್ತೆ ಸಿಕ್ಕುತ್ತದೆ. ಅನಂತರ ಹಳೆಯ ಬೂಟೊಂದು ಕಾಣೆಯಾಗಿ ಮತ್ತೆ ಸಿಕ್ಕುವುದೇ ಇಲ್ಲ. ಓದುಗನು ಇದನ್ನು ಅಲ್ಪಸಂಗತಿಯೆಂದು ಬಿಟ್ಟುಬಿಡುತ್ತಾನೆ. ಷರ್ಲಾಕ್ ಹೋಮ್ಸನಿಗಾದರೋ ಅದೇ ಹೇತುವಾಗುತ್ತದೆ. ತೊಡದ ಬೂಟಿನಲ್ಲಿ ಒಡೆಯನ ಮೈವಾಸನೆಯಿರದು. ತೊಟ್ಟು ಸವೆದುದರಲ್ಲಿ ಇರುತ್ತದೆ. ವಾಸನೆಯನ್ನು ಬಯಸುವುದು ನಿಜವಾದ ನಾಯಿಯೇ ಹೊರತು ದೆವ್ವವಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸುವ ನೈಯಾಯಿಕನ ಹಾದಿಯೂ ಇದೇ. ಭಯಾನಕವು ಅದ್ಭುತದ ಮೂಲಕ ಹಾದು ಬುದ್ಧಿಯ ಪ್ರಸನ್ನತೆಯಲ್ಲಿ ಕೊನೆಗಾಣುತ್ತದೆ. ನಾಯಿಯ ಬಾಯಲ್ಲಿ ಉರಿದ ಬೆಂಕಿಯು ರಂಜಕದ ಲೇಪವಾಗಿ ಉಳಿಯುತ್ತದೆ.

ಈ ಕಾದಂಬರಿಯನ್ನು ಆಧರಿಸಿ ಅಜಯ ಕರ್ ಅವರು 1951ರಲ್ಲಿ ‘ಜಿಘಾಂಸಾ’ ಎಂಬ ಬಂಗಾಳಿ ಚಿತ್ರವನ್ನು ನಿರ್ದೇಶಿಸಿದರು. 1962ರಲ್ಲಿ ಹೇಮಂತಕುಮಾರರು ನಿರ್ಮಿಸಿ ಬೀರೇನ್ ನಾಗ್ ನಿರ್ದೇಶಿಸಿದ ಹಿಂದೀ ಚಿತ್ರ ‘ಬೀಸ್ ಸಾಲ್ ಬಾದ್’ ಅದೇ ವಸ್ತುವನ್ನು ಇನ್ನಷ್ಟು ಸ್ವತಂತ್ರವಾಗಿ ಬಳಸಿಕೊಂಡಿತು. ಜವುಗುನೆಲ ಉಳಿಯಿತು, ಶಾಪಗ್ರಸ್ತ ಮನೆತನ ಉಳಿಯಿತು, ಹೊರಗಿನಿಂದ ಬರುವ ವಾರಸುದಾರನೂ ಉಳಿದನು. ನಾಯಿ ಹೋಯಿತು. ಅದರ ಊಳಿನ ಸ್ಥಾನಕ್ಕೆ ರಾತ್ರಿಯಲ್ಲಿ ಕೇಳಿಬರುವ ಹೆಂಗಸಿನ ಹಾಡು ಬಂದಿತು. ಹಾಡುಗಳು ಕಥೆಯನ್ನು ತಡೆದು ನಿಲ್ಲಿಸುತ್ತವೆಂದು ನಮ್ಮ ಚಿತ್ರಗಳ ಮೇಲೆ ಹೊರಿಸುವ ಆಕ್ಷೇಪಣೆ ಇಲ್ಲಿ ಸಲ್ಲದು. ಲತಾ ಮಂಗೇಶ್ಕರರ ಕಂಠದಲ್ಲಿ ಬರುವ ಈ ಹಾಡೇ ಕಥೆಯೊಳಗಿನ ಸೆಳೆತವಾಗಿದೆ.

ಇದಕ್ಕಿಂತಲೂ ಗಂಭೀರವಾದ ಬದಲಾವಣೆ ಇನ್ನೊಂದಿದೆ. ಡಾಯಲನ ಐತಿಹ್ಯದಲ್ಲಿ ಹ್ಯೂಗೋ ಎಂಬ ಪೂರ್ವಿಕನು ಒಕ್ಕಲಿಗನೊಬ್ಬನ ಮಗಳನ್ನು ಬಲಾತ್ಕಾರವಾಗಿ ಹೊತ್ತುತರುತ್ತಾನೆ. ಅವಳು ತಪ್ಪಿಸಿಕೊಂಡು ಓಡಿ, ಬಯಲಿನಲ್ಲಿ ಭಯದಿಂದಲೂ ಬಳಲಿಕೆಯಿಂದಲೂ ಸಾಯುತ್ತಾಳೆ. ಅವಳಿಗೆ ಕಾದಂಬರಿಯು ಒಂದು ಹೆಸರನ್ನು ಕೂಡ ಕೊಟ್ಟಿಲ್ಲ. ಮುಂದೆ ಕೊಲೆಗಳಿಗೆ ಕಾರಣವಾಗುವುದು ಆಸ್ತಿಯ ಆಶೆ; ಆ ಹುಡುಗಿಯ ಮಾತು ಮತ್ತೆ ಬರುವುದಿಲ್ಲ. ಹಿಂದೀ ಚಿತ್ರವು ಪೀಠಿಕೆಯಲ್ಲಿ ಮರೆತುಹೋದ ಆ ಹುಡುಗಿಯನ್ನು ಎತ್ತಿ ಕಥೆಯ ನಡುವೆ ಇಟ್ಟಿತು. ಠಾಕೂರನಿಂದ ಮಾನಭಂಗಕ್ಕೊಳಗಾಗಿ ಪ್ರಾಣಬಿಟ್ಟವಳ ಪ್ರೇತವೇ ಆ ವಂಶವನ್ನು ಕೊಲ್ಲುತ್ತಿದೆಯೆಂದು ಊರು ನಂಬಿದೆ; ಕೊಲ್ಲುತ್ತಿರುವವನಾದರೋ ಮಗಳನ್ನು ಕಳೆದುಕೊಂಡ ತಂದೆ. ಮೂಲದಲ್ಲಿ ಬೀಜವಾಗಿದ್ದ ಅನ್ಯಾಯವು ಇಲ್ಲಿ ಮರವಾಗಿದೆ. ಇದನ್ನು ಮೂಲಕ್ಕೆ ಮಾಡಿದ ಅಪಚಾರವೆನ್ನಲಾಗದು. ಮೂಲದ ಮೇಲೆ ಬರೆದ ಒಂದು ಮಾರ್ಮಿಕವಾದ ಟೀಕೆಯೆನ್ನಬೇಕು.

ಆದರೆ ಈ ಲಾಭಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಕರುಣವು ಬಂದಂತೆ ಅನುಮಾನವು ಹೊರಟುಹೋಯಿತು. ಚಿತ್ರದಲ್ಲಿ ಪತ್ತೇದಾರನೆನಿಸಿಕೊಂಡ ಗೋಪೀಚಂದನು ನಗೆಯ ಪಾತ್ರ. ಪ್ರೇಕ್ಷಕನ ಮನಸ್ಸನ್ನು ಕೊನೆಯವರೆಗೆ ಹಿಡಿದಿಡುವುದು ನೆರಳು, ಮಂಜು, ಸ್ವರ; ಆ ಬೂಟಿನಂತೆ ಮತ್ತೊಮ್ಮೆ ನೆನೆದು ‘ಕಣ್ಣೆದುರಿಗೇ ಇದ್ದಿತಲ್ಲ’ ಎಂದು ಬೆರಗಾಗತಕ್ಕ ಹೇತುವನ್ನು ಅವನ ಕೈಗೆ ಕೊಟ್ಟಿಲ್ಲ. ತಂದೆಯ ದುಃಖವು ನಮ್ಮನ್ನು ಕಲಕುತ್ತದೆ, ದಿಟ. ಆದರೆ ಆ ದುಃಖವನ್ನು ನಾವೇ ಕಂಡುಹಿಡಿದಿದ್ದರೆ ಅದು ಇನ್ನೂ ಆಳಕ್ಕೆ ಇಳಿಯುತ್ತಿತ್ತು.

ನಮ್ಮ ಪ್ರೇಕ್ಷಕರಿಗೆ ತರ್ಕವು ರುಚಿಸದು, ಅವರಿಗೆ ಭಾವವೇ ಬೇಕು ಎಂದು ಇದಕ್ಕೆ ಸಮಾಧಾನ ಹೇಳುವವರುಂಟು. ಋತುಪರ್ಣ ಘೋಷರ ‘ಶುಭ ಮಹೂರತ್’ ಎಂಬ 2003ರ ಬಂಗಾಳಿ ಚಿತ್ರವು ಈ ಮಾತನ್ನು ಸುಳ್ಳುಮಾಡುತ್ತದೆ. ಅದರ ಮೂಲ ಅಗಾಥಾ ಕ್ರಿಸ್ಟಿಯ 1962ರ ‘ದಿ ಮಿರರ್ ಕ್ರ್ಯಾಕ್ಡ್ ಫ್ರಂ ಸೈಡ್ ಟು ಸೈಡ್’. ಮೂಲದ ಮಿಸ್ ಮಾರ್ಪಲ್ ಎಂಬ ಅವಿವಾಹಿತ ವೃದ್ಧೆಗೆ ಒಂದೇ ವಿದ್ಯೆ: ತನ್ನ ಹಳ್ಳಿಯಲ್ಲಿ ಕಂಡ ಮನುಷ್ಯಸ್ವಭಾವವನ್ನು ಮುಂದಿರುವ ಸಂಗತಿಗೆ ಹೋಲಿಸಿ ನೋಡುವುದು. ಇದನ್ನು ಉಪಮಾನವೆನ್ನುವುದು ಶಾಸ್ತ್ರರೀತ್ಯಾ ಸರಿಯಾಗದು. ಗೋವಿನ ಸಾದೃಶ್ಯದಿಂದ ಗವಯವನ್ನು ಗುರುತಿಸುವ ಉಪಮಾನವೇ ಬೇರೆ. ಇದು ಉದಾಹರಣೆಯ ಬಲದಿಂದ ನಡೆಯುವ ಅನುಮಾನ. ಘೋಷರು ಈ ಪ್ರಮಾಣವನ್ನು ಗುರುತಿಸಿ, ಅದಕ್ಕೆ ನಮ್ಮಲ್ಲಿರುವ ಆಶ್ರಯವನ್ನು ಹುಡುಕಿದರು. ರಾಖೀ ಅಭಿನಯಿಸಿದ ರಾಂಗಾ ಪಿಶೀಮಾ ವಿಧವೆ, ಸೋದರತ್ತೆ. ಪತ್ರಿಕೋದ್ಯೋಗಿಯಾದ ಹುಡುಗಿಯು ಹೊರಗಿನ ಸುದ್ದಿಯನ್ನು ತರುತ್ತಾಳೆ. ಅತ್ತೆಯು ಮನೆಯಲ್ಲಿ ಕುಳಿತೇ ಅದನ್ನು ಹೊಂದಿಸುತ್ತಾಳೆ. ನಾಲ್ಕು ಗೋಡೆಗಳ ನಡುವೆ ಆಯುಷ್ಯ ಕಳೆದ ಹಿರಿಯ ಹೆಂಗಸು ಎಲ್ಲರನ್ನೂ ನೋಡಿರುತ್ತಾಳೆ, ಅವಳನ್ನು ಯಾರೂ ನೋಡಿರುವುದಿಲ್ಲ. ಇದು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲ ಸತ್ಯ. ತಾಯ್ತನದ ನೋವಿನಿಂದ ಹುಟ್ಟಿದ ಅಪರಾಧವನ್ನು ಇಂಥವಳು ಅರಿತಾಗ ಅನುಮಾನವೂ ಕರುಣವೂ ಒಂದೇ ಕ್ಷಣದಲ್ಲಿ ಸಿದ್ಧಿಸುತ್ತವೆ. ಆ ಪಾತ್ರಕ್ಕೆ ರಾಖೀಯವರಿಗೆ ರಾಷ್ಟ್ರಪ್ರಶಸ್ತಿ ಬಂದುದು ಯುಕ್ತವಾಗಿದೆ.

ಪ್ರೇಕ್ಷಕರ ರುಚಿಯನ್ನು ಕುರಿತ ಮಾತಿಗೆ ಸತ್ಯಜಿತ್ ರಾಯರ ‘ಸೋನಾರ್ ಕೆಲ್ಲಾ’ (1974) ಕೂಡ ಉತ್ತರವಾಗಿದೆ. ಫೆಲೂದಾನ ತರ್ಕವನ್ನು ಮಕ್ಕಳೂ ಹಿಂಬಾಲಿಸಿ ಸಂತೋಷಪಟ್ಟರು.

ಇದರಿಂದ ಸಿದ್ಧವಾಗುವುದಿಷ್ಟು. ಮೂಲದ ಘಟನೆಗಳನ್ನು ಬಿಡುವುದಕ್ಕೂ ಮಾರ್ಪಡಿಸುವುದಕ್ಕೂ ರೂಪಾಂತರಕಾರನಿಗೆ ಪೂರ್ಣವಾದ ಅಧಿಕಾರವುಂಟು. ಮೂಲಕಾರನು ಕಡೆಗಣಿಸಿದ ಜೀವಕ್ಕೆ ನ್ಯಾಯ ದೊರಕಿಸುವ ಅಧಿಕಾರವೂ ಉಂಟು. ಆದರೆ ತಿಳಿವಿನ ದಾರಿಯನ್ನು ಮಾತ್ರ ಅವನು ಪ್ರೇಕ್ಷಕನಿಂದ ಕಸಿದುಕೊಳ್ಳಬಾರದು. ಹೇತುವಿಲ್ಲದ ರಹಸ್ಯವು ಒಮ್ಮೆ ಬೆದರಿಸೀತು. ಎರಡನೆಯ ಸಲ ಬೆದರಿಸದು. ಹೇತುವುಳ್ಳದ್ದನ್ನು ಕೊನೆ ತಿಳಿದ ಮೇಲೂ ಸಹೃದಯನು ಮತ್ತೆ ನೋಡಬಯಸುತ್ತಾನೆ.